ಸಿಮ್ಮಿಲ್ಲದವನ ಲೆಕ್ಕ

ತಿಂಗಳಿಗೆ ಇನ್ನೂರ ತೊಂಬತ್ತೊಂಬತ್ತು,
ಅದೂ ತಿಂಗಳಲ್ಲ, ಇಪ್ಪತ್ತೆಂಟೇ ದಿನ.
ವರ್ಷದಲ್ಲಿ ಹದಿಮೂರು ತಿಂಗಳು ಹುಟ್ಟಿಸುವವರ ಜೊತೆ
ಲೆಕ್ಕ ಸಾಕೆನಿಸಿ
ಗಾಂಧಿ ಸರ್ಕಲ್ಲಿನ ಹತ್ತಿರ ಹಳೆಯದೊಂದು ಟ್ಯಾಬ್ ಕೊಂಡೆ.
ಸಿಮ್ ಹಾಕಲು ತೂತೇ ಇಲ್ಲ ಅದಕ್ಕೆ.
ಅಂಗಡಿಯವ ಅದನ್ನೇ ಊನವೆಂದು ಮುನ್ನೂರು ಬಿಟ್ಟ,
ನಾನು ಅದನ್ನೇ ಗುಣವೆಂದು ತಂದೆ.

ಮಂಡಕ್ಕಿ ಭಟ್ಟಿಗಳ ಓಣಿ ಮುಗಿಯುವಲ್ಲಿ
ಮಹಡಿ ಮೇಲೆ ಹಲ್ಲಿನ ಡಾಕ್ಟರು ಸಫೂರಾ ಅವರ ಕ್ಲಿನಿಕ್ಕು.
ಅವರ ವೈಫೈ ಮೆಟ್ಟಿಲಿಳಿದು ಬರುತ್ತದೆ,
ಮೇಲಿನಿಂದ ಐದರ ತನಕ.
ಆರನೆಯದಕ್ಕೆ ಕಾಲಿಟ್ಟರೆ ಗಂಗಾವತಿಯಲ್ಲಿ ನಮ್ಮಕ್ಕ
ಬಾಯಿ ತೆರೆದೇ ನಿಂತುಬಿಡುತ್ತಾಳೆ,
ಹಲ್ಲು ತೋರಿಸಲು ಬಂದವಳ ಹಾಗೆ.

ಶನಿವಾರ ಒಂದು ಚೀಲ ನರ್ಗಿಸ್ ಮಂಡಕ್ಕಿ
ಕಾಂಪೌಂಡರ್ ಲೋಕಪ್ಪನ ಕೈಗೆ.
ಇದು ನನ್ನ ರೀಚಾರ್ಜು.
ಪಾಸ್‌ವರ್ಡ್ ಬದಲಾದ ವಾರ ಅವನೇ ಇಳಿದು ಬಂದು
ಗುರು ಉಪದೇಶದಂತೆ ಕಿವಿಯಲ್ಲಿ ಉಸುರಿದ:
ದವಡೆ, ಮುಂದೆ ಮೂವತ್ತೆರಡು.

ಹಗಲೆಲ್ಲ ಕಾದ ಮರಳು, ಅಕ್ಕಿ, ಚಟಚಟ.
ಕಿವಿಯಲ್ಲಿ ಅದು ಆರುವ ಮುಂಚೆಯೇ ಐದನೇ ಮೆಟ್ಟಿಲು.
ಸೂರತ್ತಿನ ಭಾವನ ದನಿ ಒಂದು ಉಸಿರು ತಡವಾಗಿ ಬರುತ್ತದೆ.
ಜಗಳವಾಡಲು ಆಗುವುದೇ ಇಲ್ಲ:
ನಾನು ಬೈದದ್ದು ಅಲ್ಲಿ ಮುಟ್ಟುವಷ್ಟರಲ್ಲಿ
ಹಿಂದಿನ ಮಾತಿಗೆ ನಗುತ್ತಿರುತ್ತಾನೆ.
ಕರೆಂಟು ಹೋದರೆ ಮಾತ್ರ
ಭಾವ, ಅಕ್ಕ, ಅಕ್ಕನ ಅಡುಗೆಮನೆಯ ದೀಪ,
ಎಲ್ಲ ಒಂದೇ ಬಾಯಲ್ಲಿ ಊದಿದಂತೆ.

ಹಳೆಯ ಸಿಮ್ಮು ದೇವರ ಗೂಡಿನಲ್ಲಿತ್ತು,
ಕತ್ತರಿಸಿದ ಉಗುರಿನಷ್ಟು.
ತೊಂಬತ್ತು ದಿನ ದಾಟಿದರೆ ನಂಬರು
ಬೇರೆಯವರ ಪಾಲಾಗತೈತಂತೆ, ಅಂದ ಲೋಕಪ್ಪ.
ಆಗಲಿ ಬಿಡೋ, ಅದೇನು ಹೊಲವಾ, ಅಂದೆ.

ಅಂದೆ. ಓಬಜ್ಜನನ್ನು ಮರೆತಿದ್ದೆ.
ನನಗೆ ಮರಳಿನ ಹದ ಕಲಿಸಿದವನು,
ಕೈ ಸುಟ್ಟುಕೊಂಡಾಗ ಮೊದಲು ಬೈದು ಆಮೇಲೆ ನೀರು ಸುರಿದವನು.
ಕಣ್ಣು ಮಂಜಾಗಿ ಜಗಳೂರಿನ ಮಗಳ ಮನೆ ಸೇರಿದ್ದ.
ಗುಂಡಿ ಫೋನು. ಬೆರಳಿಗೆ ಬಾಯಿಪಾಠವಾದದ್ದು
ಒಂದೇ ನಂಬರು, ನನ್ನದು.
ಅವನದು ನನ್ನ ಹಳೆಯ ಫೋನಿನಲ್ಲಿತ್ತು, ಅದನ್ನು ಮಾರಿದ್ದೆ.
ಹಾಗಾಗಿ ನನಗೂ ಬರುತ್ತಿದ್ದದ್ದು
ಅದೇ ಒಂದು.

ಸಾಹುಕಾರರ ಫೋನು ಇಸಕೊಂಡು
ನನಗೆ ನಾನೇ ಮಾಡಿದೆ.

ಎತ್ತಿದ್ದು ಒಬ್ಬ ಹೆಂಗಸು. ಹಿಂದೆ ಹೊಲಿಗೆ ಮಿಷನ್ನಿನ ಸದ್ದು.
ಈ ನಂಬರು ಮೊದಲು... ಅನ್ನುತ್ತಿದ್ದಂತೆ ಮಿಷನ್ನು ನಿಂತಿತು.

"ಕೊಟ್ರ ಅಂದ್ರೆ ನೀವೇನ್ರೀ?
ಸೋಮವಾರ ಸೋಮವಾರ ಒಬ್ಬ ಅಜ್ಜ ಮಾಡ್ತಾನ.
ರಾಂಗ್ ನಂಬರ್ ಅಂತ ಮೂರು ಸಲ ಹೇಳಿದೆ.
ನಾಕನೇ ಸಲ, ಕೊಟ್ರನ ಹೆಂಡ್ತಿ ಏನವ್ವ,
ಅಂತೂ ಲಗ್ನ ಆದ್ನಾ, ಅಂತ ಅಳಾಕ ಹತ್ತಿದ.
ಹೂಂ ಅಂದೆ. ಏನ್ ಮಾಡ್ಲಿ?
ಊಟ ಆತೇನವ್ವ ಅಂತಾನ, ಆತಜ್ಜ ಅಂತೀನಿ.
ಅವ್ನೆಲ್ಲಿ ಅಂತಾನ, ಭಟ್ಟಿಗೆ ಹೋಗ್ಯಾನ ಅಂತೀನಿ.
ಅಷ್ಟೇ ರೀ. ನಂಬರ್ ಕೊಡ್ಲಾ, ಬರ್ಕೊಳ್ರಿ."

ಖಾಲಿ ಚೀಲದ ಮೇಲೆ ಇದ್ದಿಲಲ್ಲಿ ಬರೆದುಕೊಂಡೆ.
ಭಟ್ಟಿಗೆ ಹೋಗ್ಯಾನ, ಅದು ಅವಳಿಗೆ ಹೇಗೆ ಗೊತ್ತೆಂದು ಕೇಳಲಿಲ್ಲ;
ಅಜ್ಜನೇ ಹೇಳಿರಬೇಕು.
ಅವಳ ಹೆಸರನ್ನೂ ಕೇಳಲಿಲ್ಲ.

ಅಜ್ಜನಿಗೆ ಮಾಡಿದೆ. ದನಿ ಹಿಡಿದ, ಬೈದ.
"ಇದ್ಯಾವ ನಂಬರಲೇ? ಇದು ಬ್ಯಾಡ.
ಅದಕ್ಕೇ ಮಾಡ್ತೀನಿ ನಾನು, ಅವ್ವ ಎತ್ತತಾಳ."
ಬಾಯಿಗೆ ಬಂದದ್ದನ್ನು ನುಂಗಿದೆ.

ಈಗ ಸೋಮವಾರ ಸಂಜೆ
ಐದನೇ ಮೆಟ್ಟಿಲಲ್ಲಿ ಅಕ್ಕನ ಜೊತೆ ಕೂತಿದ್ದರೂ
ಏಳು ಹೊಡೆಯುವ ಹೊತ್ತಿಗೆ ಟ್ಯಾಬ್ ಮಡಚುತ್ತೇನೆ.
ಯಾವುದೋ ಊರಲ್ಲಿ ಒಂದು ಹೊಲಿಗೆ ಮಿಷನ್ನು ನಿಲ್ಲುವ ಹೊತ್ತು.
ಬೆಂಕಿ ಆರಿದೆ, ಬಾಗಿಲು ಹಾಕಿದೆ,
ಆದರೂ ಅವಳ ಮಾತು ಸುಳ್ಳಾಗಬಾರದೆಂದು
ಭಟ್ಟಿಗೆ ಹೋಗುತ್ತೇನೆ.
ಮರಳಿನಲ್ಲಿ ಕೈಯಿಟ್ಟು ಕೂರುತ್ತೇನೆ.
ಇನ್ನೂ ಬಿಸಿ ಇರುತ್ತದೆ.